ಶರತ್ಕಾಲವೂ ಜನಪದ ಗಾಯನದ ಕಾಲಮಾನವೂ: ಚಂದಕವಾಡಿ ಸೀಮೆಯನ್ನು ಕುರಿತು

ನಮ್ಮ ಲಾಕ್ಷಣಿಕರು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಯೂ ಸೇರಿದೆ. ಅದರಲ್ಲಿ ಶರತ್ಕಾಲದ ಚಿತ್ರ ಬಹುಮಟ್ಟಿಗೆ ಸ್ಥಿರವಾದುದು: ಮೋಡ ಕಳೆದ ಆಗಸ, ತಿಳಿಯಾದ ಕೊಳ, ಮರಳಿ ಬಂದ ಹಂಸ, ಬೆಳ್ಳಗೆ ಅರಳಿದ ಜೊಂಡು, ನಿರ್ಮಲವಾದ ಬೆಳುದಿಂಗಳು. ಕಾಳಿದಾಸನು ‘ಋತುಸಂಹಾರ’ದ ಮೂರನೆಯ ಸರ್ಗವನ್ನು ಈ ಋತುವಿಗೇ ಮೀಸಲಿಟ್ಟಿದ್ದಾನೆ. ಇಂಥ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಜನಪದ ಗಾಯನದಲ್ಲಿ ಶರತ್ಕಾಲವನ್ನು ಅರಸುವ ವಿದ್ಯಾರ್ಥಿಗೆ ಮೊದಲು ದೊರೆಯುವುದು ನಿರಾಶೆಯೇ. ಋತುವನ್ನು ಬಣ್ಣಿಸುವುದಕ್ಕೆಂದೇ ಹುಟ್ಟಿದ ಹಾಡು ಅಲ್ಲಿ ವಿರಳ. ಆದರೂ ಕಾಲದ ಅರಿವು ಆ ಗಾಯನದಲ್ಲಿ ಇಲ್ಲವೆಂದು ಹೇಳಲಾಗದು. ಅದು ಹಾಡಿನ ಮಾತಿಗಿಂತ ಹೆಚ್ಚಾಗಿ ಹಾಡುವ ಹೊತ್ತಿನಲ್ಲಿ ನೆಲೆಸಿದೆ. ಇದನ್ನು ತಕ್ಕಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ಗಮನಿಸೋಣ. ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯು ಒಂದು ಹೋಬಳಿಯ ಕೇಂದ್ರ. ಅದರ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು ಹಬ್ಬಿದೆ. ಪಶ್ಚಿಮಘಟ್ಟ ಮತ್ತು ನೀಲಗಿರಿಗಳ ಮರೆಯಲ್ಲಿರುವ ಈ ಬಯಲಿಗೆ ನೈಋತ್ಯ ಮಾರುತ ತರುವ ಮಳೆ ಸ್ವಲ್ಪವೇ. ವರ್ಷದ ಮಳೆಗೆ ಇಲ್ಲಿ ಎರಡು ಏರುಗಳುಂಟು: ಮೇ ತಿಂಗಳಲ್ಲೊಂದು, ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿ ಇನ್ನೊಂದು. ಹೀಗಾಗಿ ಕಾವ್ಯದ ಶರತ್ತಿನಲ್ಲಿ ಆಗಸ ತಿಳಿಯಾಗುವ ವೇಳೆಗೆ ಚಂದಕವಾಡಿಯ ಆಗಸದಲ್ಲಿ ಮೋಡ ಮತ್ತೆ ಕವಿಯುತ್ತದೆ. ಒಕ್ಕಲಿನವನು ಈ ಕಾಲವನ್ನು ಋತುವಿನ ಹೆಸರಿನಿಂದ ಕರೆಯದೆ ಮಳೆಯ ಹೆಸರಿನಿಂದ ಕರೆಯುತ್ತಾನೆ. ಉತ್ತರೆ, ಹಸ್ತೆ, ಚಿತ್ತೆ, ಸ್ವಾತಿ, ವಿಶಾಖೆಗಳು ಒಂದೊಂದೂ 13-14 ದಿನಗಳಂತೆ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಮೂರನೆಯ ವಾರದವರೆಗೆ ಸಾಗುತ್ತವೆ. ರಾಗಿ ತೆನೆಗಟ್ಟುವುದು, ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿಯಾಗಿ ಅರಳುವುದು ಈ ಅವಧಿಯಲ್ಲಿಯೇ. ಆದುದರಿಂದ ಇಲ್ಲಿಯ ಶರತ್ತು ಎಲೆಯುದುರುವ ವಿಷಾದದ ಕಾಲವಲ್ಲ; ಬೆಳೆ ಕೈಗೆ ಬರುವುದೋ ಬಾರದೋ ಎಂದು ಕಾಯುವ ಕಾಲ.

ಈ ಕಾಯುವಿಕೆಯನ್ನು ಹಬ್ಬಗಳು ಭಾಗಮಾಡುತ್ತವೆ, ಹಬ್ಬಗಳೊಡನೆ ಹಾಡು ಬರುತ್ತದೆ. ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಮನೆಮನೆಯಲ್ಲಿ ಗತಿಸಿದ ಹಿರಿಯರಿಗೆ ಎಡೆಯಿಡುವರು. ಅದೇ ಅಮಾವಾಸ್ಯೆಯಂದು ಮಲೆ ಮಹದೇಶ್ವರ ಬೆಟ್ಟದಲ್ಲಿ ಎಣ್ಣೆಮಜ್ಜನದ ಸೇವೆ ನಡೆಯುತ್ತದೆ. ಮುಂದಿನ ಅಮಾವಾಸ್ಯೆಗೆ ದೀಪಾವಳಿಯ ಜಾತ್ರೆ. ಆಗ ಬೇಡಗಂಪಣ ಕುಲದ 101 ಮಂದಿ ಹೆಣ್ಣುಮಕ್ಕಳು ಹಳ್ಳದಿಂದ ನೀರು ತುಂಬಿ ತಂದು ದೇವರಿಗೆ ಅರ್ಪಿಸುವ ಹಾಲರವೆ ಉತ್ಸವ ಪ್ರಸಿದ್ಧವಾದುದು. ಸತ್ತವರ ಸ್ಮರಣೆಗೂ ಎಳೆಯರ ಈ ಸೇವೆಗೂ ನಡುವೆ ಇರುವುದು ಒಂದೇ ತಿಂಗಳು. ಕಾಲ ಸರಿದುದನ್ನು ಹಾಡು ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಇಲ್ಲ. ಇಂಥ ಹಬ್ಬದಲ್ಲಿ ಅದೇ ಹಾಡು ಮರಳಿ ಕೇಳಿಬರುವುದೇ ಒಂದು ವರ್ಷ ಕಳೆಯಿತೆಂಬುದಕ್ಕೆ ಸಾಕ್ಷಿ.

ಮಾದೇಶ್ವರನ ಕಥೆಯನ್ನು ಹಾಡುವವರು ದೀಕ್ಷೆ ಪಡೆದ ದೇವರಗುಡ್ಡರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಇವೆರಡೂ ಸೇರಿದುದೇ ಕಂಸಾಳೆ. ಕಾವ್ಯದ ಭಾಗಗಳಿಗೆ ‘ಸಾಲು’ ಎಂದು ಹೆಸರು. ಮುಖ್ಯ ಗಾಯಕನು ಕಥೆಯನ್ನು ಹಾಡಾಗಿಯೂ ಮಾತಾಗಿಯೂ ಮುಂದುವರಿಸಿದರೆ ಹಿಮ್ಮೇಳದವರು ಸೊಲ್ಲನ್ನು ಮತ್ತೆ ಮತ್ತೆ ಎತ್ತುತ್ತಾರೆ. ಕಥೆ ಮುಂದಕ್ಕೆ ಹರಿಯುತ್ತದೆ, ಸೊಲ್ಲು ಇದ್ದಲ್ಲಿಗೇ ಮರಳುತ್ತದೆ. ಸರಿಯುವ ಕಾಲ, ಮರಳುವ ಕಾಲ ಎಂಬ ಎರಡನ್ನೂ ಕೇಳುವವನು ಒಟ್ಟಿಗೆ ಅನುಭವಿಸುವುದು ಈ ರಚನೆಯಿಂದ. ಇರುಳೆಲ್ಲ ನಡೆಯುವ ಕಥೆಯಲ್ಲಿ ಈ ಅನುಭವ ಇನ್ನಷ್ಟು ಗಾಢವಾಗುತ್ತದೆ.

ಸಂಕಮ್ಮನ ಸಾಲನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಸೋಲಿಗರ ಹೆಣ್ಣಾದ ಅವಳನ್ನು ಗಂಡನು ಕಠಿನವಾದ ಕಟ್ಟಿಗೆ ಒಳಪಡಿಸಿ ಕಾಡಿಗೆ ತೆರಳುತ್ತಾನೆ. ಮಕ್ಕಳಿಲ್ಲದ ಆಕೆ ಒಂಟಿಯಾಗಿ ಕಾಯುತ್ತಾಳೆ. ಮಾದೇಶ್ವರನು ಬಂದು ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ವರವನ್ನು ಕೊಡುತ್ತಾನೆ. ಓದುವವನಿಗೆ ಈ ಒಂಟಿತನ ಕೆಲವು ಪುಟಗಳಲ್ಲಿ ಮುಗಿದುಹೋಗುತ್ತದೆ. ಗಾಯನದಲ್ಲಿ ಹಾಗಲ್ಲ; ಅವಳು ಕಾದಷ್ಟು ಹೊತ್ತು ಕೇಳುವವನೂ ಕಾಯಬೇಕು. ಇನ್ನೂ ಕೊಯ್ಲಾಗದ ಹೊಲವನ್ನು ಹಿಂದೆ ಬಿಟ್ಟು ಬಂದು ಕುಳಿತವನಿಗೆ ಆ ಕಾಯುವಿಕೆ ಹೊರಗಿನದೆಂದು ತೋರುವುದಿಲ್ಲ.

ತಂಬೂರಿ ಹಿಡಿದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಕಾಲದ ಹರಹು ಇನ್ನೂ ದೊಡ್ಡದು. ಅಲ್ಲಿ ಕಥೆ ಬಸವಣ್ಣನ ಕಲ್ಯಾಣದಿಂದ ಹೊರಟು ತೆಂಕಣದ ಬೊಪ್ಪಗೌಡನಪುರಕ್ಕೂ ಸಿದ್ಧಪ್ಪಾಜಿಯ ಚಿಕ್ಕಲ್ಲೂರಿಗೂ ಬಂದು ಮುಟ್ಟುತ್ತದೆ. ಕೊಯ್ಲು ಮುಗಿದ ಮೇಲೆ, ಪುಷ್ಯಮಾಸದ ಹುಣ್ಣಿಮೆಯಂದು ಚಿಕ್ಕಲ್ಲೂರಿನ ಜಾತ್ರೆ ಮೊದಲಾಗುತ್ತದೆ. ಅಲ್ಲಿ ಹಚ್ಚುವ ಚಂದ್ರಮಂಡಲದ ಜ್ವಾಲೆ ಯಾವ ದಿಕ್ಕಿಗೆ ಚೆನ್ನಾಗಿ ಉರಿಯುವುದೋ ಆ ದಿಕ್ಕಿನಲ್ಲಿ ಮುಂದಿನ ವರ್ಷ ಮಳೆಬೆಳೆ ಸಮೃದ್ಧವೆಂದು ಜನರ ನಂಬಿಕೆ. ಶರತ್ತಿನಲ್ಲಿ ತೊಡಗಿದ ಕಾಯುವಿಕೆ ಹೀಗೆ ಮುಗಿಯುವುದರೊಳಗೆ ಇನ್ನೊಂದಕ್ಕೆ ಎಡೆಮಾಡಿಕೊಡುತ್ತದೆ.

ಈ ಮಹಾಕಾವ್ಯಗಳು ಅಚ್ಚಿಗೆ ಬಂದಿರುವುದು ನಮ್ಮ ಭಾಗ್ಯ. ಪಿ. ಕೆ. ರಾಜಶೇಖರರ ‘ಮಲೆಯ ಮಾದೇಶ್ವರ’ 1973ರಲ್ಲಿಯೂ, ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ‘ಮಂಟೇಸ್ವಾಮಿ’ 1997ರಲ್ಲಿಯೂ ಪ್ರಕಟವಾದುವು. ಆದರೆ ಅಚ್ಚಿನಲ್ಲಿ ಮಾತು ಉಳಿದಷ್ಟು ಸುಲಭವಾಗಿ ಹೊತ್ತು ಉಳಿಯುವುದಿಲ್ಲ. ಹಾಡಿನ ಹೊತ್ತು ಕಳೆದುಹೋಗಬಹುದೆಂಬ ಆತಂಕ ಕೇವಲ ಊಹೆಯಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಬೆಳಗಿನ ಜಾವದ ರಾಗಿ ಬೀಸುವ ಪದಕ್ಕೆ ಅದರ ಹೊತ್ತೇ ಇಲ್ಲದಾಯಿತು; ಪದ ನೆನಪಿದ್ದವರೂ ಅದನ್ನು ಕೇಳಿದವರಿಗಾಗಿ ಮಾತ್ರ ಹಾಡತೊಡಗಿದರು. ಕಂಸಾಳೆಯು ವೇದಿಕೆಯೇರಿ ಹತ್ತು ನಿಮಿಷದ ಕುಣಿತವಾದಾಗ ಅದರ ಚಮತ್ಕಾರ ಉಳಿಯುತ್ತದೆ, ಕಾಯುವಿಕೆ ಉಳಿಯುವುದಿಲ್ಲ. ಆ ವೇದಿಕೆಯಿಂದ ಕಲಾವಿದನ ಜೀವನಕ್ಕೆ ಒದಗುವ ಆಧಾರವನ್ನು ನಾವು ಅಲ್ಲಗಳೆಯುವುದಿಲ್ಲ. ಅದರಿಂದ ಸಂಶೋಧಕನ ಹೊಣೆ ಹೆಚ್ಚಾಯಿತೆಂದು ಮಾತ್ರ ಹೇಳುತ್ತೇವೆ.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಹಾಡಿನ ಪಾಠದೊಂದಿಗೆ ಇನ್ನು ಕೆಲವು ಸಂಗತಿಗಳನ್ನೂ ಗುರುತು ಹಾಕಿಕೊಳ್ಳಬೇಕೆಂಬುದು ನಮ್ಮ ಸೂಚನೆ. ಹಾಡಿದ ದಿನ ಯಾವ ಮಳೆ ನಡೆಯುತ್ತಿದ್ದಿತು, ಹೊಲದಲ್ಲಿ ಬೆಳೆ ಯಾವ ಹಂತದಲ್ಲಿದ್ದಿತು, ಇರುಳಿನ ಯಾವ ಜಾವದಲ್ಲಿ ಯಾವ ಸಾಲು ಬಂದಿತು, ಅದು ಹಬ್ಬದ ಹಾಡೋ ಹರಕೆಯ ಹಾಡೋ ಸಂಗ್ರಾಹಕನ ಕೋರಿಕೆಯ ಹಾಡೋ ಎಂಬುದನ್ನು ಬರೆದಿಡಲು ಒಂದು ಪುಟ ಸಾಕು. ಆ ಪುಟವಿಲ್ಲದ ಸಂಗ್ರಹದಲ್ಲಿ ಚಂದಕವಾಡಿಯ ಶರತ್ತನ್ನು ಮುಂದಿನವರು ಎಷ್ಟು ಹುಡುಕಿದರೂ ಕಾಣಲಾರರು.