ಇಲ್ಲಿ ಡೂಪ್ ಇಲ್ಲ, ರೀಟೇಕ್ ಇಲ್ಲ!

"ಸೈಲೆನ್ಸ್! ಸ್ಟಾರ್ಟ್ ಕ್ಯಾಮೆರಾ... ಆಕ್ಷನ್!"

ಬೆಂಗಳೂರಿನ ಒಂದು ಹಳೇ ಕ್ಲಬ್ಬು. ಕೆಮ್ಮಣ್ಣಿನ ಟೆನಿಸ್ ಕೋರ್ಟು. ಬಿಳಿ ಶರ್ಟು, ಬಿಳಿ ಚಡ್ಡಿ ತೊಟ್ಟು ನಮ್ಮ ನಾಯಕ ನಟರು ರ್ಯಾಕೆಟ್ ಎತ್ತಿ ನಿಂತಿದ್ದಾರೆ. ನೆಟ್ಟಿನ ಆಚೆ ನಾಯಕಿ. ಹಾಡಿನ ಚಿತ್ರೀಕರಣ. ಪತ್ರಿಕೆಯ ಎರಡು ಪುಟ ತುಂಬಿಸಲು ಸುದ್ದಿ ಹುಡುಕಿಕೊಂಡು ಹೋದ ನಾನು ಒಂದು ಮೂಲೆಯಲ್ಲಿ ವಡೆ ತಿನ್ನುತ್ತಾ ನಿಂತಿದ್ದೆ.

ಒಂದು ಟೇಕ್ ಆಯ್ತು. ಎರಡಾಯ್ತು. ಹನ್ನೊಂದಾಯ್ತು! ಚೆಂಡು ಒಮ್ಮೆ ನೆಟ್ಟಿಗೆ, ಇನ್ನೊಮ್ಮೆ ಬೇಲಿಯಾಚೆ ರಸ್ತೆಗೆ. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂಗಿದರು: "ಆ ಮಾರ್ಕರನ್ನ ಕರೀರಪ್ಪಾ!"

ಬಂದವರು ಅರವತ್ತರ ಹತ್ತಿರದ ಒಬ್ಬ ಸಣಕಲು ಮನುಷ್ಯ. ನಾಯಕನ ಶರ್ಟನ್ನೇ ಅವರಿಗೆ ತೊಡಿಸಿದರು. ನರೆತ ಕೂದಲು ಕಾಣಬಾರದೆಂದು ತಲೆಗೊಂದು ಟೋಪಿ. ಕ್ಯಾಮೆರಾ ಬೆನ್ನ ಹಿಂದೆ. ಚೆಂಡು ಮೇಲೆ ಹೋಯ್ತು, ಕೈ ಬೀಸಿತು, 'ಠಪ್!' ಎಂಬ ಸದ್ದು. ಚೆಂಡು ಸರ್ವಿಸ್ ಗೆರೆಯ ಮೂಲೆ ಕಚ್ಚಿ ಹಾರಿತು. ಒಂದೇ ಟೇಕ್. ಓಕೆ!

ಅಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಸಹಾಯಕ ನಿರ್ದೇಶಕ ನನ್ನ ಹತ್ತಿರ ಬಂದ. "ಸಾರ್, ಹಿಂದಿನ ಕೋರ್ಟಲ್ಲಿ ಇಬ್ರು ಆಡ್ತಿರೋ ಹಾಗೆ ಕಾಣ್ಬೇಕು. ಒಬ್ರು ಕಮ್ಮಿ. ನೀವು ನಿಲ್ತೀರಾ?" ನಟಿಸೋ ಅವಕಾಶ! ಯಾರು ಬಿಡ್ತಾರೆ? ನಿಂತೆ. ನಾಲ್ಕು ಚೆಂಡಿನ ಹಿಂದೆ ಓಡಿದೆ. ಐದನೆಯದಕ್ಕೆ ಕಣ್ಣು ಕತ್ತಲೆ ಬಂತು. ಬೇಲಿಯ ಹಿಂದೆ ಹೋಗಿ ಬೆಳಗಿನ ವಡೆಯನ್ನೆಲ್ಲಾ ವಾಪಸ್ ಕೊಟ್ಟೆ.

ಬಾಯಿ ತೊಳೆಯಲು ನೀರು ತಂದುಕೊಟ್ಟವರು ಅದೇ ಮಾರ್ಕರ್.

"ಎಷ್ಟಪ್ಪಾ ವಯಸ್ಸು?"

"ಇಪ್ಪತ್ತೇಳು ಸಾರ್."

ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲವೇನೋ.

ನನ್ನ ಅಪ್ಪ ತೀರಿಕೊಂಡಿದ್ದು ನಲವತ್ತೊಂಬತ್ತಕ್ಕೆ. ಮಹಡಿ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಆವತ್ತು ರಾತ್ರಿ ನನ್ನ ರೂಮಿನ ಮೂರು ಮಹಡಿ ಹತ್ತುವಾಗ ಅದೇ ನೆನಪಾಯಿತು. ದಿನಕ್ಕೆ ಹನ್ನೆರಡು ಸಿಗರೇಟು, ಶೂಟಿಂಗ್ ಊಟ, 82 ಕಿಲೋ ತೂಕ. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟವನು ನಾನು. ಆಯಸ್ಸನ್ನೂ ಅರ್ಧಕ್ಕೇ ಬಿಡಬೇಕೆ?

ಮರುದಿನ ಮತ್ತೆ ಕ್ಲಬ್ಬಿಗೆ ಹೋದೆ.

ಮಾರ್ಕರ್ ಅಂದ್ರೆ ಯಾರು?

ಟೆನಿಸ್ ಕ್ಲಬ್ಬುಗಳಲ್ಲಿ ಕೋರ್ಟಿಗೆ ನೀರು ಹಾಕಿ, ರೋಲರ್ ಎಳೆದು, ಗೆರೆ ಬಳಿದು, ಜೊತೆಗಾರ ಸಿಗದ ಮೆಂಬರಿನ ಜೊತೆ ತಾನೇ ಆಡುವವನು ಮಾರ್ಕರ್. ಆಟ ಗೊತ್ತು, ಆದರೆ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ಚಿತ್ರರಂಗದ ಫೈಟರ್, ಡೂಪ್‌ಗಳ ಹಾಗೆ!

ಇವರ ತಂದೆಯೂ ಮಾರ್ಕರ್. ಕ್ಲಬ್ಬಿನ ಚಾಂಪಿಯನ್ನುಗಳನ್ನೇ ಬೆಳಗಿನ ಆಟದಲ್ಲಿ ಸೋಲಿಸುತ್ತಿದ್ದರಂತೆ. ಆದರೆ ಟೂರ್ನಮೆಂಟಿಗೆ ಹೆಸರು ಕೊಡುವ ಹಾಗಿರಲಿಲ್ಲ. ಆ ಕಾಲದ ಕಾನೂನೇ ಹಾಗಿತ್ತು. 1968ರವರೆಗೆ ವಿಂಬಲ್ಡನ್ ಸೇರಿದಂತೆ ಟೆನಿಸ್ಸಿನ ದೊಡ್ಡ ಪಂದ್ಯಗಳೆಲ್ಲ 'ಹವ್ಯಾಸಿ'ಗಳಿಗೆ ಮಾತ್ರ. ಆಟ ಹೇಳಿಕೊಟ್ಟು ದುಡ್ಡು ತೆಗೆದುಕೊಂಡವನು ವೃತ್ತಿಪರ. ಅವನಿಗೆ ಬಾಗಿಲು ಬಂದ್. ಹೊಟ್ಟೆ ತುಂಬಿದವನಿಗೆ ಕಪ್ಪು, ಹೊಟ್ಟೆಪಾಡಿಗೆ ಆಡುವವನಿಗೆ ರೋಲರು! 1968ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಇಬ್ಬರನ್ನೂ ಒಟ್ಟಿಗೆ ಆಡಿಸಿದ ಮೇಲೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಅವರ ತಂದೆಯ ಮೊಣಕಾಲು ಹೋಗಿತ್ತು.

"ನಾನು ಹೇಳ್ಕೊಡ್ತೀನಿ" ಅಂದರು. "ದುಡ್ಡು ಬೇಡ. ಮೆಂಬರುಗಳು ಆರೂವರೆಗೆ ಬರ್ತಾರೆ. ನೀನು ಐದಕ್ಕೆ ಬಾ. ರೋಲರ್ ಎಳಿ, ಗೆರೆ ಹಾಕು. ಅದೇ ಫೀಸು. ಸೆಕ್ರೆಟರಿ ಹತ್ರ ನಾನು ಕೇಳ್ತೀನಿ. ಆದ್ರೆ ಪೇಪರಲ್ಲಿ ನನ್ನ ಹೆಸರು ಬರೀಬಾರ್ದು."

ಮಾತು ಕೊಟ್ಟೆ. ಅದಕ್ಕೇ ಇಲ್ಲಿ ಅವರ ಹೆಸರಿಲ್ಲ.

ಮೂರು ವಾರ ಚೆಂಡೇ ಇಲ್ಲ!

ಮೊದಲ ದಿನ ಹೊಸ ಶೂ, ಗೆಳೆಯನ ರ್ಯಾಕೆಟ್ ಹಿಡಿದು ಹೀರೋ ಥರ ಹೋದೆ. "ಬ್ಯಾಟು ಆ ಕಡೆ ಇಡು" ಅಂದರು. ಕೈಗೆ ಕೊಟ್ಟಿದ್ದು ಒಂದು ಸ್ಕಿಪ್ಪಿಂಗ್ ಹಗ್ಗ. ಆಮೇಲೆ ಬಸ್ಕಿ. ಶಾಲೆಯಲ್ಲಿ ಮೇಷ್ಟರು ಶಿಕ್ಷೆಗೆ ಹೊಡೆಸಿದ್ದೆಲ್ಲಾ ಇಲ್ಲಿ ಶಿಕ್ಷಣ! ಮೊದಲ ದಿನ ಹದಿನೈದು ಬಸ್ಕಿಗೇ ತೊಡೆ ನಡುಗಿತು. ಇಳಿಯುವ ಮೆಟ್ಟಿಲಿನ ಮೇಲೆ ಕೂತುಕೊಂಡೇ ಜಾರಿದೆ.

ಮೈಲಿಗಟ್ಟಲೆ ಓಡಿಸ್ತಾರೆ ಅಂದುಕೊಂಡಿದ್ದೆ. ಓಡಿಸಲಿಲ್ಲ. ಕಾರಣ ಕೇಳಿ. ಟೆನಿಸ್ ಕೋರ್ಟಿನ ಉದ್ದ 78 ಅಡಿ. ನಮ್ಮ ಪಾಲಿಗೆ ಅರ್ಧ, 39 ಅಡಿ. ಸಿಂಗಲ್ಸ್ ಆಟಕ್ಕೆ ಅಗಲ 27 ಅಡಿ. ಮಧ್ಯ ನಿಂತರೆ ಯಾವ ಪಕ್ಕದ ಗೆರೆಗೂ ಹದಿಮೂರೂವರೆ ಅಡಿ, ಅಂದ್ರೆ ನಾಲ್ಕೈದು ಹೆಜ್ಜೆ. ದೂರ ಕಮ್ಮಿ. ಆದರೆ ಓಡಬೇಕು, ತಟ್ಟನೆ ನಿಲ್ಲಬೇಕು, ಹೊಡೀಬೇಕು, ತಿರುಗಿ ಬರಬೇಕು. ಬಹುಪಾಲು ಪಾಯಿಂಟುಗಳು ಕೆಲವೇ ಸೆಕೆಂಡಿನಲ್ಲಿ ಮುಗಿದು ಹೋಗುತ್ತವೆ. ಆಮೇಲೆ ಮುಂದಿನ ಸರ್ವಿಸ್‌ಗೆ ಇರುವ ಕಾಲಾವಕಾಶ 25 ಸೆಕೆಂಡು. ಆಟ ಹೇಗಿದೆಯೋ ಅಭ್ಯಾಸವೂ ಹಾಗೇ ಇರಬೇಕು ಅನ್ನೋದು ಅವರ ಲೆಕ್ಕ. ಗೆರೆಯಿಂದ ಗೆರೆಗೆ ಹತ್ತು ಸೆಕೆಂಡು ಪ್ರಾಣ ಬಿಟ್ಟು ಓಟ, ಇಪ್ಪತ್ತೈದು ಸೆಕೆಂಡು ಉಸಿರು. ಮತ್ತೆ ಓಟ. ಇಂಥವು ಹತ್ತು, ಆಮೇಲೆ ಹದಿನೈದು, ಕೊನೆಗೆ ಇಪ್ಪತ್ತು.

ಸಿಗರೇಟು? ಮೂರು ಸಲ ಬಿಟ್ಟೆ. ನಾಲ್ಕನೇ ಸಲ ಅದೇ ನನ್ನನ್ನ ಬಿಟ್ಟಿತು. ಬೆಳಗಿನ ವಡೆ ಹೋಗಿ ಬಾಳೆಹಣ್ಣು, ಮೊಟ್ಟೆ ಬಂತು. ಮಧ್ಯಾಹ್ನ ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು.

ನಾಲ್ಕನೇ ವಾರ ಚೆಂಡು ಕೊಟ್ಟರು. ಆಗ ಕಲಿತ ಒಂದು ಗುಟ್ಟು ಹೇಳ್ತೀನಿ. ಎದುರಿನವನ ರ್ಯಾಕೆಟ್ಟಿಗೆ ಚೆಂಡು ತಾಗುವ ಹೊತ್ತಿಗೆ ನೀವು ಇದ್ದಲ್ಲೇ ಒಂದು ಸಣ್ಣ ಕುಪ್ಪಳ ಹಾಕಿರಬೇಕು. ಎರಡೂ ಕಾಲು ನೆಲ ಮುಟ್ಟುವಾಗ ಮೈ ಯಾವ ಕಡೆಗಾದರೂ ಚಿಮ್ಮಲು ರೆಡಿ. ಟಿವಿಯಲ್ಲಿ ನೋಡಿ, ಪ್ರತಿಯೊಬ್ಬ ಆಟಗಾರನೂ ಇದನ್ನ ಮಾಡ್ತಾನೆ. ಇಷ್ಟು ವರ್ಷ ನೋಡಿದ್ದರೂ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನಾವೆಲ್ಲ ಕೈ ನೋಡ್ತೀವಿ, ಆಟ ಇರೋದು ಕಾಲಲ್ಲಿ!

ಬಾಂಡ್ ಜೊತೆ ಆಟೋದಲ್ಲಿ

ಸಿನಿಮಾ ಪತ್ರಿಕೆಯಲ್ಲಿ ಸಿನಿಮಾ ಎಲ್ಲಿ ಅಂತ ಗೊಣಗ್ತಿದ್ದೀರಾ? ಬಂತು, ತಗೊಳ್ಳಿ.

1983ರ 'ಆಕ್ಟೋಪಸಿ' ಚಿತ್ರ ಜ್ಞಾಪಿಸಿಕೊಳ್ಳಿ. ಉದಯಪುರದ ಬೀದಿಯಲ್ಲಿ ಜೇಮ್ಸ್ ಬಾಂಡ್‌ನನ್ನು ಆಟೋದಲ್ಲಿ ಕೂರಿಸಿಕೊಂಡು, ಬೆನ್ನಟ್ಟಿದ ಖದೀಮರಿಗೆ ಟೆನಿಸ್ ರ್ಯಾಕೆಟ್ಟಿನಲ್ಲೇ ಬಾರಿಸುತ್ತಾನಲ್ಲ, ಆ ಎತ್ತರದ ಮನುಷ್ಯ ನಮ್ಮ ಮದ್ರಾಸಿನ ವಿಜಯ್ ಅಮೃತರಾಜ್! ಪಾತ್ರದ ಹೆಸರೂ ವಿಜಯ್.

ಆ ವಿಜಯ್ ಚಿಕ್ಕಂದಿನಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಪಾಲಾಗಿದ್ದ ಹುಡುಗ. ಅವನ ಬದಲು ತಾಯಿಯೇ ಶಾಲೆಗೆ ಹೋಗಿ ನೋಟ್ಸ್ ಬರೆದುಕೊಂಡು ಬರುತ್ತಿದ್ದರು. ಗಾಳಿ ಬೆಳಕಿನಲ್ಲಿ ಮೈ ಗಟ್ಟಿಯಾಗಲಿ ಎಂದು ಟೆನಿಸ್‌ಗೆ ಹಾಕಿದರು. ಅದೇ ಹುಡುಗ 1973ರಲ್ಲಿ ವಿಂಬಲ್ಡನ್ ಕ್ವಾರ್ಟರ್ ಫೈನಲ್ ಮುಟ್ಟಿದ. ಅದೇ ವರ್ಷ ಅಮೆರಿಕನ್ ಓಪನ್‌ನಲ್ಲಿ ಮಹಾನ್ ರಾಡ್ ಲೇವರ್‌ನನ್ನು ಐದು ಸೆಟ್‌ಗಳಲ್ಲಿ ಸೋಲಿಸಿದ. ಉಸಿರೇ ಇಲ್ಲದಿದ್ದ ಹುಡುಗ ಐದು ಸೆಟ್ ಆಡಿದ ಕಣ್ರೀ!

ಈಚಿನದೂ ಒಂದಿದೆ. 2024ರ 'ಚಾಲೆಂಜರ್ಸ್' ಚಿತ್ರಕ್ಕಾಗಿ ನಾಯಕಿ ಜೆಂಡಾಯಾ ಮೂರು ತಿಂಗಳು ಅಭ್ಯಾಸ ಮಾಡಿದಳು. ತರಬೇತಿಗೆ ಇದ್ದವನು ಹಿಂದೆ ಆಗಸ್ಸಿಗೆ ಕೋಚ್ ಆಗಿದ್ದ ಬ್ರಾಡ್ ಗಿಲ್ಬರ್ಟ್. ಅಷ್ಟಾದರೂ ಆಟದ ದೃಶ್ಯಗಳಿಗೆ ಡೂಪ್‌ಗಳು ಬೇಕಾದರು. ಮೂರು ತಿಂಗಳಲ್ಲಿ ಬರುವ ವಿದ್ಯೆ ಅಲ್ಲ ಇದು.

ಪೆನ್ನು ಹಿಡಿಯೋಕಾಗಲಿಲ್ಲ

ಐದನೇ ತಿಂಗಳು ನನಗೆ ಕೊಬ್ಬು ಬಂತು. ಗುರುಗಳಿಗೆ ಹೇಳದೆ ರ್ಯಾಕೆಟ್ಟಿಗೆ ಬಿಗಿಯಾಗಿ ಗಟ್ಟಿಂಗ್ ಹಾಕಿಸಿದೆ. ಟಿವಿಯಲ್ಲಿ ನೋಡಿದ ಹಾಗೆ ಮಣಿಕಟ್ಟು ತಿರುಚಿ ಬೀಸತೊಡಗಿದೆ. ಎರಡೇ ವಾರ. ಮೊಣಕೈಯ ಹೊರಭಾಗದಲ್ಲಿ ಚಳುಕು. ಬಾಗಿಲ ಚಿಲಕ ತಿರುಗಿಸಲಾಗದು. ಟೀ ಲೋಟ ಎತ್ತಲಾಗದು. ಕೊನೆಗೆ ಪೆನ್ನು ಹಿಡಿಯಲಾಗಲಿಲ್ಲ. ಬರೆದರೆ ಊಟ ನನಗೆ. ಒಂದೂವರೆ ತಿಂಗಳು ಲೇಖನಗಳನ್ನು ರೂಮ್‌ಮೇಟ್‌ಗೆ ಹೇಳಿ ಬರೆಸಿದೆ. ಬಾಡಿಗೆ ಬಾಕಿ ಬಿತ್ತು.

"ಬ್ಯಾಟನ್ನ ಹಿಡಿದಿದ್ದೀಯೋ, ಕತ್ತು ಹಿಸುಕ್ತಿದ್ದೀಯೋ?" ಅಂದರು ಗುರುಗಳು. "ಕೈ ಕುಲುಕಿದಷ್ಟೇ ಬಿಗಿ ಸಾಕು. ಹೊಡೆತ ಭುಜದಿಂದ, ಸೊಂಟದಿಂದ ಬರ್ಬೇಕು." ಫಿಸಿಯೋಥೆರಪಿಸ್ಟು ಹೇಳಿದ್ದೂ ಅದೇ. ಒಂದು ಕಿಲೋ ತೂಕ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮ ಕೊಟ್ಟರು. ಬೇಜಾರಿನ ಕೆಲಸ. ಆದರೆ ವಾಸಿಯಾಗಿದ್ದು ಅದರಿಂದಲೇ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟಿದ್ದು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಕಾಫಿ ತೋಟದಲ್ಲಿ ಸೌದೆ ಒಡೆದು, ಹಗ್ಗ ಹತ್ತಿ ಮೈ ಕಟ್ಟಿದ ಹುಡುಗ. ಮೊಣಕಾಲಿನ ಮೆದು ಎಲುಬು ಪೂರಾ ಸವೆದು ಹೋಗಿತ್ತು. 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವೂ ಗೆಲ್ಲದೆ, ಆಟ ಬಿಟ್ಟುಬಿಡ್ತೀನಿ ಅಂತ ಹೆಂಡತಿಗೆ ವಿಡಿಯೋ ಕಳಿಸಿದ್ದವರು. ಅವರನ್ನು ಎತ್ತಿ ನಿಲ್ಲಿಸಿದ್ದು ಅಯ್ಯಂಗಾರ್ ಯೋಗ. ಆ ಯೋಗದ ಬಿ.ಕೆ.ಎಸ್. ಅಯ್ಯಂಗಾರರೂ ನಮ್ಮವರೇ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಕಾಯಿಲೆಯ ಮೈಯಲ್ಲೇ ಮೈಸೂರಿನಲ್ಲಿ ಯೋಗ ಕಲಿತವರು. 2024ರ ಜನವರಿಯಲ್ಲಿ ಬೋಪಣ್ಣ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43! ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಪಟ್ಟವೂ ಆಗಲೇ ಬಂತು. 2025ರ ನವೆಂಬರ್‌ನಲ್ಲಿ ಅವರು ವಿದಾಯ ಹೇಳಿದರು.

ನಮ್ಮ ಅಣ್ಣಾವ್ರು 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಯೋಗಾಸನ ಹಾಕಿದಾಗ ಅವರಿಗೆ ಐವತ್ತು ದಾಟಿತ್ತು, ಮರೀಬೇಡಿ. ಅದಕ್ಕೂ ಡೂಪ್ ಇರಲಿಲ್ಲ.

ಒಂದು ಬೆರಳಿನಷ್ಟು ಗೆರೆ

ಹದಿನಾಲ್ಕು ತಿಂಗಳಾದ ಮೇಲೆ ಹವ್ಯಾಸಿಗಳ ಒಂದು ಪುಟ್ಟ ಟೂರ್ನಮೆಂಟಿಗೆ ಹೆಸರು ಕೊಟ್ಟೆ. ಆಗ ನನ್ನ ತೂಕ 73. ಗುರುಗಳು ರಜೆ ಹಾಕಿ ಬಂದರು.

ಎದುರಾಳಿ ಐವತ್ತು ದಾಟಿದ ಬ್ಯಾಂಕ್ ನೌಕರರು. ಸಣ್ಣ ಹೊಟ್ಟೆ, ಮೊಣಕಾಲಿಗೆ ಪಟ್ಟಿ. "ಇವರನ್ನ ಅರ್ಧ ಗಂಟೇಲಿ ಮುಗಿಸ್ತೀನಿ" ಅಂದುಕೊಂಡೆ. ಅವರು ಚೆಂಡನ್ನು ಕೊಯ್ದು ಕೊಯ್ದು ಗಿಡ್ಡ ಹಾಕಿದರು. ಮುಂದೆ ಓಡಿದರೆ ತಲೆ ಮೇಲಿಂದ ಎತ್ತಿ ಹಿಂದೆ ಹಾಕಿದರು. ಮೊದಲ ಸೆಟ್ 1-6. ಅರ್ಧ ಗಂಟೆಯಲ್ಲಿ ಮುಗಿದಿದ್ದು ನಾನು!

ಎರಡನೇ ಸೆಟ್‌ನಲ್ಲಿ ಜೋರು ಬಿಟ್ಟೆ. ಬಂದ ಚೆಂಡನ್ನೆಲ್ಲಾ ವಾಪಸ್ ಕಳಿಸೋದು, ಅಷ್ಟೇ. ಐದು ಗಂಟೆಯ ಬಸ್ಕಿಗಳು ಆಗ ಮಾತಾಡಿದವು. ಅವರ ಉಸಿರು ನನಗೆ ಕೇಳಿಸತೊಡಗಿತು. 7-5.

ಮೂರನೇ ಸೆಟ್, 4-4. ನನ್ನ ಸರ್ವಿಸ್, ಅವರಿಗೆ ಗೇಮ್ ಪಾಯಿಂಟು. ಅವರ ಹೊಡೆತ ನನ್ನ ಹಿಂದಿನ ಗೆರೆ ಹತ್ತಿರ ಬಿತ್ತು. ಇಂಥ ಪಂದ್ಯಗಳಲ್ಲಿ ಅಂಪೈರ್ ಇರೋದಿಲ್ಲ. ನಮ್ಮ ಕಡೆ ಬಿದ್ದ ಚೆಂಡಿನ ತೀರ್ಪು ನಮ್ಮದೇ. ಮಣ್ಣಿನ ಮೇಲಿನ ಗುರುತು ನೋಡಿದೆ. ಒಂದು ಬೆರಳಿನಷ್ಟು ಗೆರೆಗೆ ತಾಗಿತ್ತು. ಗೆರೆ ಮುಟ್ಟಿದರೆ ಒಳಗೇ. ಆ ಗುರುತು ಅವರಿಗೆ ಕಾಣದು, ಬೇರೆ ಯಾರಿಗೂ ಕಾಣದು. 'ಔಟ್' ಅಂದಿದ್ದರೆ ಮುಗೀತಿತ್ತು.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ರೋಲರ್ ಎಳೆಯುತ್ತಲೇ ಮುದುಕನಾದ ಆ ತಂದೆ ನೆನಪಾದರು, ಯಾಕೋ.

"ಒಳಗೆ ಬಿತ್ತು ಸಾರ್" ಅಂದೆ.

ಗೇಮ್ ಹೋಯ್ತು. ಮುಂದಿನದರಲ್ಲಿ ಮೂರು ಸಲ ಡ್ಯೂಸ್‌ವರೆಗೆ ಎಳೆದರೂ ಪಂದ್ಯವೂ ಹೋಯ್ತು. 1-6, 7-5, 4-6. ಎರಡು ಗಂಟೆ ಹತ್ತು ನಿಮಿಷ. ಆದರೆ ಕಣ್ಣು ಕತ್ತಲೆ ಬರಲಿಲ್ಲ. ವಾಂತಿಯೂ ಆಗಲಿಲ್ಲ. ಬ್ಯಾಂಕಿನವರು ಕೈ ಕುಲುಕಿ ಕಬ್ಬಿನಹಾಲು ಕುಡಿಸಿದರು. ವಾಪಸ್ ಬರುವ ಬಸ್ಸಿನಲ್ಲಿ ಗುರುಗಳು ಬಹಳ ಹೊತ್ತು ಸುಮ್ಮನಿದ್ದರು.

"ಆ ಚೆಂಡು ನಾನೂ ನೋಡ್ದೆ. ನಾನು ಕೂತಿದ್ದು ಗೆರೆ ನೇರಕ್ಕೇ" ಅಂದರು ಕೊನೆಗೆ. ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ, "ನಾಳೆ ಐದಕ್ಕೆ ಬಾ. ಸೆಕೆಂಡ್ ಸರ್ವಿಸ್ ಸರಿಯಿಲ್ಲ."

ಮೊನ್ನೆ ಆ ಸಿನಿಮಾ ಬಿಡುಗಡೆಯಾಯಿತು. ಗುರುಗಳನ್ನು ಕರೆದುಕೊಂಡು ಮ್ಯಾಟ್ನಿ ಶೋಗೆ ಹೋದೆ. ಹಾಡಿನಲ್ಲಿ ನಾಯಕ ಸರ್ವಿಸ್ ಹೊಡೆದಾಗ ಥಿಯೇಟರೇ ಕಿತ್ತುಹೋಗುವಷ್ಟು ಶಿಳ್ಳೆ! ಆ ಕೈ ಯಾರದೆಂದು ಬಲ್ಲವರು ಇಬ್ಬರೇ, ಒಂದೇ ಸಾಲಿನಲ್ಲಿ ಕೂತಿದ್ದೆವು. ಹಿಂದಿನ ಕೋರ್ಟಿನಲ್ಲಿ ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುವ ದಪ್ಪನೆಯ ಆಸಾಮಿಯೊಬ್ಬ ಎರಡು ಸೆಕೆಂಡು ಕಾಣುತ್ತಾನೆ. ಅವನು ನಾನು. ಅಲ್ಲ, ನಾನಾಗಿದ್ದೆ.

ಬಸ್ ಸ್ಟಾಂಡಿನಲ್ಲಿ ಈ ಪತ್ರಿಕೆ ಹಿಡಿದು ನಿಂತಿರುವ ಗೆಳೆಯಾ, ನಿನ್ನ ಬಸ್ಸು ಬರೋದಕ್ಕೆ ಇನ್ನೂ ಟೈಮಿದೆ. ಒಂದು ಹತ್ತು ಬಸ್ಕಿ ಹೊಡಿ. ನೋಡಿದವರು ನಕ್ಕರೆ ನಗಲಿ. ನಿನ್ನ ಮೈಗೆ ಡೂಪ್ ಸಿಗೋದಿಲ್ಲ!