ಟ್ರೇ ತುಂಬುವ ಮುನ್ನ ಮಣ್ಣಿಗೇನಾಯಿತು?

ಮಣ್ಣಿನ ಸವಕಳಿ ಅಳೆಯಲು ಮಳೆಗಾಲಕ್ಕೆ ಕಾಯಬೇಕಿಲ್ಲ. ಟ್ರೇಯಲ್ಲಿ ಮಣ್ಣು ತುಂಬಿ, ಓರೆಯಾಗಿ ಇಟ್ಟು, ಮೇಲಿನಿಂದ ಕೃತಕ ಮಳೆ ಸುರಿಸಿ, ಹರಿದುಬಂದ ಮಣ್ಣನ್ನು ಒಣಗಿಸಿ ತೂಗಿದರೆ ಲೆಕ್ಕ ಸಿಗುತ್ತದೆ. ಹನಿಯ ಹೊಡೆತಕ್ಕೇ ಮಣ್ಣಿನ ಕಣ ಕಿತ್ತು ಚಿಮ್ಮುತ್ತದೆ ಎಂಬುದನ್ನು 1940ರ ದಶಕದಲ್ಲಿ ಅಮೆರಿಕದ ಡಬ್ಲ್ಯು. ಡಿ. ಎಲಿಸನ್ ಒತ್ತಿ ಹೇಳಿದರು. ಅಂದಿನಿಂದ ಪ್ರಯೋಗಾಲಯದ ಮಳೆಯಲ್ಲಿ ಹನಿಯ ಗಾತ್ರ, ಬೀಳುವ ವೇಗ, ಗಂಟೆಗೆ ಸುರಿಯುವ ಮಿಲಿಮೀಟರ್ ಎಲ್ಲಕ್ಕೂ ಲೆಕ್ಕವುಂಟು. ಮಣ್ಣಿಗೂ ಅಷ್ಟೇ ಗಮನ ಸಿಗಬೇಕು.

ಹೊಲದಿಂದ ತಂದ ಮಣ್ಣನ್ನು ಸಾಮಾನ್ಯವಾಗಿ ನೆರಳಲ್ಲಿ ಒಣಗಿಸುತ್ತಾರೆ. ಪೂರಾ ಒಣಗಿದ ಹೆಂಟೆಯ ರಂಧ್ರಗಳಲ್ಲಿ ಗಾಳಿ ತುಂಬಿರುತ್ತದೆ. ಜೋರು ಮಳೆ ಬಿದ್ದಾಗ ನೀರು ಎಲ್ಲ ಕಡೆಯಿಂದ ನುಗ್ಗಿ, ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡಕ್ಕೆ ಹೆಂಟೆ ಒಡೆದು ಪುಡಿಯಾಗುತ್ತದೆ. ಅದೇ ಮಣ್ಣಿಗೆ ಮೊದಲೇ ತಳದಿಂದ ನಿಧಾನವಾಗಿ ನೀರು ಹೀರಿಸಿದ್ದರೆ ಹೆಂಟೆ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಫ್ರಾನ್ಸಿನ ಲೆ ಬಿಸೊನೆ 1996ರಲ್ಲಿ ಪ್ರಕಟಿಸಿದ ಪರೀಕ್ಷಾ ವಿಧಾನದಲ್ಲಿ ಬೇಗ ನೆನೆಸುವುದು, ನಿಧಾನವಾಗಿ ನೆನೆಸುವುದು, ನೆನೆದದ್ದನ್ನು ಕಲಕುವುದು ಬೇರೆ ಬೇರೆಯಾಗಿಯೇ ಇವೆ. ಒಂದರಲ್ಲಿ ಗಟ್ಟಿ ಎನಿಸಿದ ಮಣ್ಣು ಇನ್ನೊಂದರಲ್ಲಿ ಸೋಲಬಹುದು.

ಆಮೇಲೆ ಜರಡಿ. 2 ಮಿ.ಮೀ. ಕಣ್ಣಿನ ಜರಡಿಯಲ್ಲಿ ಇಳಿದ ನುಣ್ಣನೆಯ ಮಣ್ಣಿನ ಮೇಲೆ ಬೇಗ ಹಕ್ಕಳೆ ಕಟ್ಟುತ್ತದೆ, ನೀರು ಇಂಗದೆ ಹರಿಯುತ್ತದೆ. 8 ಮಿ.ಮೀ. ಜರಡಿಯ ಮಣ್ಣಿನಲ್ಲಿ ಹೆಂಟೆಗಳ ನಡುವೆ ನೀರು ಇನ್ನಷ್ಟು ಹೊತ್ತು ಇಂಗುತ್ತದೆ. ಹೊಲದಲ್ಲಿ ಹನಿಯ ಪೆಟ್ಟಿಗೆ ಮೈಯೊಡ್ಡುವ ಹರಳುಕಲ್ಲು, ಬೇರುಗಳೂ ಜರಡಿಯಲ್ಲೇ ಉಳಿಯುತ್ತವೆ. ನಮ್ಮ ಎರೆ ಹೊಲದ ಬೇಸಿಗೆ ಬಿರುಕುಗಳನ್ನು ಜರಡಿ ಹಿಡಿದ ಮಣ್ಣಿನಲ್ಲಿ ಹುಡುಕುವುದು ಹೇಗೆ? ಮುಂಗಾರಿನ ಮೊದಲ ನೀರು ಆಳಕ್ಕಿಳಿಯುವುದೇ ಅವುಗಳಲ್ಲಿ.

ಎಷ್ಟು ಒತ್ತಿ ತುಂಬಿದರು, ತುಂಬಿದ ಮೇಲೆ ಎಷ್ಟು ದಿನ ಬಿಟ್ಟರು ಎಂಬುದೂ ಫಲಿತಾಂಶ ಬದಲಿಸುತ್ತದೆ. ಹೊಸದಾಗಿ ತುಂಬಿ ನೆನೆಸಿದ ಮಣ್ಣು ಕೆಲವು ದಿನ ಕೂತರೆ ಕಣಗಳ ಹಿಡಿತ ಬಿಗಿಯಾಗಿ, ಕೊಚ್ಚಿಹೋಗುವುದು ಕಡಿಮೆಯಾಗುತ್ತದೆ.

ಹಾಗೆಂದು ಈ ಪ್ರಯೋಗಗಳನ್ನು ತಳ್ಳಿಹಾಕುವಂತಿಲ್ಲ. ಒಂದೇ ರೀತಿ ಸಿದ್ಧಪಡಿಸಿದ ಎರಡು ಮಣ್ಣುಗಳನ್ನು ಒಂದೇ ಮಳೆಯಲ್ಲಿ ಹೋಲಿಸಲು ಇಷ್ಟು ಅನುಕೂಲವಾದ ದಾರಿ ಬೇರೆಯಿಲ್ಲ. ಆದರೆ ಟ್ರೇಯ ಗ್ರಾಂ ಲೆಕ್ಕವನ್ನು ನೇರವಾಗಿ ಹೆಕ್ಟೇರಿನ ಟನ್ ಲೆಕ್ಕಕ್ಕೆ ಏರಿಸುವುದು ತಪ್ಪು. ಮಣ್ಣು ಉಳಿಸುವ ಪುಡಿಯನ್ನೋ ಹೊದಿಕೆಯನ್ನೋ ಪ್ರಯೋಗಾಲಯದ ಅಂಕಿ ತೋರಿಸಿ ಮಾರಲು ಬಂದವರನ್ನು ರೈತರು ಮೊದಲು ಕೇಳಬೇಕು: ಮಣ್ಣು ಒಣಗಿತ್ತೋ ಹಸಿಯಿತ್ತೋ, ಜರಡಿಯ ಕಣ್ಣು ಎಷ್ಟು, ನಮ್ಮ ಹೊಲದಲ್ಲಿ ಒಂದು ಮಳೆಗಾಲ ನೋಡಿದ್ದೀರಾ?