ಕಳೆ ಕಿತ್ತರೆ ಸಾಲದು, ನೆಲದ ಕೊಬ್ಬೂ ಇಳಿಯಬೇಕು

ಆಸ್ಟ್ರೇಲಿಯಾದ ಆಗ್ನೇಯ ಭಾಗದ ಸಮಶೀತೋಷ್ಣ ಬಯಲುಗಳಲ್ಲಿ ಒಂದು ಕಾಲಕ್ಕೆ ಕಾಂಗರೂ ಹುಲ್ಲಿನದೇ ರಾಜ್ಯ. ಥೆಮೆಡಾ ಟ್ರೈಆಂಡ್ರಾ ಎಂಬ ಈ ಹುಲ್ಲು ಭಾರತದಲ್ಲೂ ಬೆಳೆಯುತ್ತದೆ. ಆಸ್ಟ್ರೇಲಿಯಾದ ಬಯಲುಗಳಲ್ಲಿ ಅದರ ಬುಡಗಳ ಸಂದಿಯಲ್ಲಿ ಲಿಲಿಗಳು, ನೆಲದ ಆರ್ಕಿಡ್‌ಗಳು, ಮೂಲನಿವಾಸಿಗಳು ಗೆಡ್ಡೆ ಅಗೆದು ತಿನ್ನುತ್ತಿದ್ದ ಮರ್ನೋಂಗ್ ಗಿಡಗಳು ಇರುತ್ತಿದ್ದವು. 1830ರ ದಶಕದಲ್ಲಿ ವಿಕ್ಟೋರಿಯಾಕ್ಕೆ ಕುರಿಮಂದೆಗಳು ಬಂದವು, ಆಮೇಲೆ ನೇಗಿಲು ಬಂತು, ಇಪ್ಪತ್ತನೇ ಶತಮಾನದಲ್ಲಿ ಗೊಬ್ಬರದ ಚೀಲಗಳು ಬಂದವು. ಇಂದು ವಿಕ್ಟೋರಿಯಾದ ಜ್ವಾಲಾಮುಖಿ ಬಯಲಿನಲ್ಲಿ ಆ ಹುಲ್ಲುಗಾವಲಿನ ನೂರರಲ್ಲಿ ಐದು ಪಾಲೂ ಉಳಿದಿಲ್ಲ. ಅದು ಉಳಿದಿರುವ ಕಡೆಯೂ ಕಾಡು ಓಟ್ಸ್, ಬ್ರೋಮ್, ರೈ ಹುಲ್ಲು, ಮುಳ್ಳುಗಿಡಗಳು ನುಗ್ಗಿವೆ. ಇವನ್ನು ಕೀಳುವುದೇ ಪುನಶ್ಚೇತನ ಎಂದುಕೊಂಡು ವರ್ಷವರ್ಷವೂ ಕಳೆನಾಶಕ ಸಿಂಪಡಿಸಿದರೆ ಹಣ, ಶ್ರಮ ಎರಡೂ ಮಣ್ಣುಪಾಲಾಗುತ್ತವೆ. ಕಳೆ ರೋಗದ ಲಕ್ಷಣ, ರೋಗ ಇರುವುದು ಮಣ್ಣಿನಲ್ಲಿ.

ಆ ಖಂಡದ ಹಳೆಯ ಮಣ್ಣಿನಲ್ಲಿ ರಂಜಕ, ಸಾರಜನಕ ಎರಡೂ ಕಡಿಮೆ. ಅಲ್ಲಿನ ಹುಲ್ಲುಗಳು ಆ ಬಡತನಕ್ಕೇ ಒಗ್ಗಿಕೊಂಡು ಬೆಳೆದವು. ಮೇವು ಹೆಚ್ಚಿಸಲೆಂದು ರೈತರು ಸೂಪರ್‌ಫಾಸ್ಫೇಟ್ ಎರಚಿದರು, ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುವ ಕ್ಲೋವರ್ ಬಿತ್ತಿದರು. ಕೊಬ್ಬಿದ ನೆಲ ಪರದೇಶದ ಏಕವಾರ್ಷಿಕ ಹುಲ್ಲುಗಳಿಗೆ ಹಬ್ಬವಾಯಿತು. ಅಲ್ಲಿಂದ ಶುರುವಾದ ಚಕ್ರವನ್ನು ಅರ್ಥಮಾಡಿಕೊಳ್ಳದೆ ಮುಂದಿನ ಯಾವ ಕೆಲಸವೂ ಕೈಗೂಡದು. ಈ ಏಕವಾರ್ಷಿಕಗಳು ಚಳಿಗಾಲದಲ್ಲಿ ಬೆಳೆದು ಬೇಸಿಗೆ ಹೊಕ್ಕೊಡನೆ ಒಣಗುತ್ತವೆ. ಅವುಗಳ ಬೇರು, ಕಡ್ಡಿ ಕೊಳೆತಾಗ ಬಿಡುಗಡೆಯಾಗುವ ನೈಟ್ರೇಟ್ ಶರತ್ಕಾಲದ ಮಳೆಯ ಹೊತ್ತಿಗೆ ನೆಲದಲ್ಲಿ ಸಿದ್ಧವಾಗಿರುತ್ತದೆ, ಅದನ್ನುಂಡು ಮುಂದಿನ ಪೀಳಿಗೆಯ ಕಳೆ ಮೇಲೇಳುತ್ತದೆ. ಬಹುವಾರ್ಷಿಕವಾದ ಕಾಂಗರೂ ಹುಲ್ಲು ಬೇಸಿಗೆಯಲ್ಲಿ ಬೆಳೆಯುವಂಥದ್ದು. ಅದು ಇದ್ದಲ್ಲಿ ನೈಟ್ರೇಟನ್ನು ಹೀರಿ ತನ್ನ ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಕಳೆಗೆ ಉಣ್ಣಲು ಉಳಿಯುವುದಿಲ್ಲ. ಅದು ಹೋದರೆ ನೆಲಕ್ಕೆ ಕಾವಲೇ ಇಲ್ಲ.

ವಿಜ್ಞಾನಿ ಸುಜಾನ್ ಪ್ರೋಬರ್ ಮತ್ತು ಸಂಗಡಿಗರು ನ್ಯೂ ಸೌತ್ ವೇಲ್ಸ್‌ನ ಬಾಕ್ಸ್ ಎಂಬ ಮರಗಳ ನಡುವಿನ ಹುಲ್ಲುನೆಲದಲ್ಲಿ ಇದನ್ನು ಪರೀಕ್ಷಿಸಿದರು. ಅದರ ವರದಿ 2005ರಲ್ಲಿ ಪ್ರಕಟವಾಯಿತು. ಅವರು ಮಣ್ಣಿಗೆ ಹಾಕಿದ್ದು ಸಕ್ಕರೆಯನ್ನು! ಸಕ್ಕರೆ ಸಿಕ್ಕಿದ ಸೂಕ್ಷ್ಮಜೀವಿಗಳು ದಿಢೀರನೆ ಬೆಳೆಯುತ್ತವೆ, ಬೆಳೆಯಲು ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ನೈಟ್ರೇಟ್ ಕುಸಿಯಿತು, ಅದರೊಂದಿಗೆ ಕಳೆಯೂ ಸೊರಗಿತು. ಕಳೆ ಬೀಜ ಕಟ್ಟುವ ಮೊದಲು, ವಸಂತದಲ್ಲಿ ಬೆಂಕಿಯಿಟ್ಟದ್ದೂ ನೆರವಾಯಿತು. ಇದಕ್ಕಿಂತ ದೊಡ್ಡ ಫಲ ಆಮೇಲಿನದು. ಬಿತ್ತಿದ ಕಾಂಗರೂ ಹುಲ್ಲು ಒಮ್ಮೆ ಬೇರೂರಿದ ಮೇಲೆ ಸಕ್ಕರೆ ನಿಲ್ಲಿಸಿದರೂ ನೈಟ್ರೇಟ್ ಕೆಳಗೇ ಉಳಿಯಿತು. ವರ್ಷವರ್ಷ ಮನುಷ್ಯ ಮಾಡಬೇಕಾದ ಕೆಲಸವನ್ನು ಹುಲ್ಲು ತಾನೇ ವಹಿಸಿಕೊಂಡಿತು.

ಖರ್ಚಿನ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಚದರ ಮೀಟರಿಗೆ ಅರ್ಧ ಕಿಲೋದಂತೆ ಹಾಕಿದರೂ ಹೆಕ್ಟೇರಿಗೆ ಒಂದು ಸಲಕ್ಕೆ 5 ಟನ್ ಸಕ್ಕರೆ ಬೇಕು, ಅದೂ ಹಲವು ಸಲ. ಸಾವಿರಾರು ಹೆಕ್ಟೇರಿಗೆ ಇದು ಆಗದ ಮಾತು, ಒಪ್ಪುತ್ತೇನೆ. ಆದರೆ ಸಕ್ಕರೆಯ ಪ್ರಯೋಗ ಎಲ್ಲೆಡೆಗೂ ಒಗ್ಗುವ ಔಷಧವೆಂದು ಯಾರೂ ಹೇಳುತ್ತಿಲ್ಲ, ರೋಗ ಎಲ್ಲಿದೆ ಎಂಬುದಕ್ಕೆ ಅದು ಸಾಕ್ಷಿ. ಅದೇ ತಿಳಿವಳಿಕೆಯ ಇನ್ನೊಂದು ದಾರಿಯನ್ನು ವಿಕ್ಟೋರಿಯಾದಲ್ಲಿ ಪಾಲ್ ಗಿಬ್ಸನ್-ರಾಯ್ ತಂಡ ಹಿಡಿಯಿತು: ಮೇಲ್ಮಣ್ಣಿನ ಪದರವನ್ನೇ ಹೆರೆದು ತೆಗೆದು, ಕೆಳಗಿನ ಬಡ ಮಣ್ಣಿನಲ್ಲಿ ಹಲವು ದೇಸಿ ಸಸ್ಯಗಳ ಬೀಜ ಬಿತ್ತುವುದು. ಸಕ್ಕರೆಗೆ ಜಗ್ಗದ ರಂಜಕವೂ, ಹುದುಗಿರುವ ಕಳೆಬೀಜವೂ ಆ ಮಣ್ಣಿನೊಂದಿಗೆ ಹೊರಟುಹೋಗುತ್ತವೆ. ಫಲವತ್ತಾದ ಮಣ್ಣನ್ನು ಎಸೆಯುವುದು ಕೃಷಿಕನ ಕಣ್ಣಿಗೆ ಪಾಪದಂತೆ ಕಂಡೀತು. ಆದರೆ ಆ ಫಲವತ್ತತೆಯಲ್ಲಿ ಬಹುಪಾಲು ಹೊರಗಿನಿಂದ ಸುರಿದದ್ದು. ಒಳ್ಳೆಯ ಬೆಳೆ ಕೊಡುತ್ತಿರುವ ಹೊಲವನ್ನು ಹೆರೆಯಬೇಕೆಂಬ ವಾದವೂ ಇದಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ದಕ್ಷಿಣ ಅಮೆರಿಕದಿಂದ ಬಂದ ಸೆರೇಟೆಡ್ ಟಸಕ್ ಎಂಬ ಹುಲ್ಲು ಬಹುವಾರ್ಷಿಕ, ಬಡ ಮಣ್ಣಿನಲ್ಲೂ ಬದುಕುತ್ತದೆ. ಅದರ ನಾರನ್ನು ತಿಂದ ಕುರಿ ಹೊಟ್ಟೆ ತುಂಬಿದ್ದರೂ ಸೊರಗುತ್ತದೆ. ಗಾಳಿಯಲ್ಲಿ ಹಾರುವ ಅದರ ಬೀಜವನ್ನು ತಡೆಯುವ ಬೇಲಿಯಿಲ್ಲ. ನೈಟ್ರೇಟ್ ಇಳಿಸಿದರೆ ಇದು ಹೆದರುವುದಿಲ್ಲ, ಒಂದೊಂದೇ ಬುಡವನ್ನು ಹುಡುಕಿ ಅಗೆಯಬೇಕು ಅಥವಾ ಅದಕ್ಕಷ್ಟೇ ತಗಲುವಂತೆ ಔಷಧ ಹಾಕಬೇಕು. ಆದರೂ ಅಗೆದ ಜಾಗ ಬರಿದಾಗಿ ಉಳಿದರೆ ಮೊದಲು ಅಲ್ಲಿ ಮೊಳೆಯುವುದು ಅದರದೇ ಬೀಜ. ನಮ್ಮ ನೀಲಗಿರಿ ಬೆಟ್ಟದ ಹುಲ್ಲುಗಾವಲಿನಲ್ಲೂ ಇದೇ ಪಾಡು: ಆಸ್ಟ್ರೇಲಿಯಾದಿಂದಲೇ ತಂದು ನೆಟ್ಟ ವ್ಯಾಟಲ್ ಮರಗಳನ್ನು ಕಡಿದಲ್ಲಿ, ಮಣ್ಣಿನಲ್ಲಿ ಮಲಗಿದ್ದ ಬೀಜಗಳಿಂದ ಸಸಿಗಳು ಮತ್ತೆ ಎದ್ದು ನಿಲ್ಲುತ್ತವೆ.

ಬೆಂಕಿಯ ಬಗ್ಗೆ ಅಂಜಿಕೆಯಿರುವುದು ಸರಿಯೇ. ಆದರೆ ಸುಡದೆ ಬಿಟ್ಟರೂ ಕಾಂಗರೂ ಹುಲ್ಲು ತನ್ನದೇ ಒಣ ಗರಿಗಳಡಿ ಉಸಿರುಗಟ್ಟುತ್ತದೆ. ಮೆಲ್ಬರ್ನ್ ಬಳಿಯ ಬಯಲಿನಲ್ಲಿ ಜಾನ್ ಮಾರ್ಗನ್ ಮತ್ತು ಇಯಾನ್ ಲಂಟ್ ನಡೆಸಿದ ಅಧ್ಯಯನ, ಹತ್ತಕ್ಕೂ ಹೆಚ್ಚು ವರ್ಷ ಬೆಂಕಿ ಕಾಣದ ಕಡೆ ಬುಡಗಳು ಸಾಯುವುದನ್ನು ತೋರಿಸಿತು. ಐದು ವರ್ಷಕ್ಕೊಮ್ಮೆಯಾದರೂ ಸುಡುವುದು ಒಳ್ಳೆಯದೆಂಬ ತೀರ್ಮಾನ ಬಂದದ್ದು ಅಲ್ಲಿಂದ. ಮೂಲನಿವಾಸಿಗಳು ಬಯಲನ್ನು ಸುಡುತ್ತಿದ್ದುದರ ಹಿಂದೆ ಇಂಥದೇ ಅರಿವಿತ್ತು.

ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೆ ವಿಕ್ಟೋರಿಯಾದ ಹಳೆಯ ಸ್ಮಶಾನಗಳು, ರೈಲುಹಳಿಗಳ ಅಂಚುಗಳು ಉತ್ತರ ಕೊಡುತ್ತವೆ. ನೇಗಿಲೂ ಗೊಬ್ಬರವೂ ಮುಟ್ಟದ ಆ ಚೂರುಪಾರು ನೆಲದಲ್ಲೇ ಅಪರೂಪದ ಹೂಗಿಡಗಳು ಉಳಿದಿವೆ, ಪುನಶ್ಚೇತನಕ್ಕೆ ಬೇಕಾದ ಬೀಜವೂ ಅಲ್ಲಿಂದಲೇ ಬರಬೇಕು. ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ ಸೋದರಿಯರು 1960ರ ದಶಕದಿಂದ ಕಾಡಿನಲ್ಲಿ ಕಳೆ ಕಿತ್ತದ್ದೂ ಹೀಗೆಯೇ: ಚೆನ್ನಾಗಿರುವ ಜಾಗದಿಂದ ಹೊರಟು ಕೆಟ್ಟ ಕಡೆಗೆ, ಮಣ್ಣನ್ನು ಆದಷ್ಟು ಕಡಿಮೆ ಕದಡುತ್ತಾ, ದೇಸಿ ಗಿಡಗಳು ಜಾಗ ತುಂಬುವ ವೇಗಕ್ಕಿಂತ ಮುಂದೆ ಹೋಗದೆ. ಅತಿ ಹೆಚ್ಚು ಕಳೆ ತುಂಬಿದ ಮೂಲೆಗೇ ಮೊದಲು ಹಣ ಸುರಿಯುವ ಯೋಜನೆಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ, ಅಷ್ಟರಲ್ಲಿ ಬೀಜ ಕೊಡಬೇಕಾದ ಒಳ್ಳೆಯ ತುಣುಕುಗಳು ಕಾವಲಿಲ್ಲದೆ ಕೆಡುತ್ತವೆ.